ಬೆಳಿಗ್ಗೆ ಚೆನ್ನಾಗಿ ಹಾರುತ್ತದೆ, ಮಧ್ಯಾಹ್ನ ವಾಲಿ ಬೀಳುತ್ತದೆ: 8 ಮೋಟಾರಿನ ಒಂಟಿ ಸೀಟಿನ ಯಂತ್ರ

ಟೋಲ್‌ನಾಕಾ ಹುಡುಗ:
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಐದು ಮಂದಿ. ಒಬ್ಬರು ಕೂತು ಹಾರುವಂಥ ಯಂತ್ರ ಕಟ್ಟುತ್ತಿದ್ದೇವೆ. ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಹುಬ್ಬಳ್ಳಿಗೆ ಹೋಗುವಾಗ ಹುಟ್ಟಿದ ಐಡಿಯಾ, ನಗಬೇಡಿ. ಸದ್ಯಕ್ಕೆ ಯಾರೂ ಕೂತಿಲ್ಲ. ಜೋಳದ ಚೀಲಕ್ಕೆ 52 ಕೆಜಿ ಉಸುಕು ತುಂಬಿ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿದ್ದೇವೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಕಾಲೇಜಿನ ಗ್ರೌಂಡಿನಲ್ಲೇ ಹಾರಿಸುತ್ತೇವೆ, ಆಳೆತ್ತರ ದಾಟುವುದಿಲ್ಲ.

ದುಂಡನೆಯ ಕಾರ್ಬನ್ ಪೈಪಿನ ಎಂಟು ತೋಳು, 14 ಸೆಲ್ ಬ್ಯಾಟರಿ, ಹಾರಾಟ ನಿಯಂತ್ರಿಸಲು ಆರ್ಡುಪೈಲಟ್ ಸಾಫ್ಟ್‌ವೇರ್. ಉಸುಕು ಸೇರಿ 118 ಕೆಜಿ. ಒಂದು ಮೋಟಾರ್ 25 ಕೆಜಿ ಎತ್ತುತ್ತದೆ ಅಂತ ಕಂಪನಿಯ ಟೇಬಲ್‌ನಲ್ಲಿದೆ, ಅಂದರೆ ಒಟ್ಟು 200. ಧಾರಾಳ ಆಯಿತಲ್ವಾ?

ಬೆಳಿಗ್ಗೆ ಆರೂವರೆಗೆ ಹಾರಿಸಿದರೆ ತೊಟ್ಟಿಲ ಹಾಗೆ ನಿಲ್ಲುತ್ತದೆ. ಅದೇ ಯಂತ್ರ ಮಧ್ಯಾಹ್ನ ಮೂರನೇ ನಿಮಿಷಕ್ಕೆ ಗರ್ ಅಂತ ಬಲಕ್ಕೆ ತಿರುಗಿ, ಒಂದು ಮೂಲೆ ಕೆಳಗೆ ಹಾಕಿ ಕೂತುಬಿಡುತ್ತದೆ. ಎರಡು ಸಲ ಆಯಿತು, ಎರಡು ಪ್ರೊಪೆಲ್ಲರ್ ಹೋದವು. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಬದಲಿಸಿದೆವು, ಏನೂ ಬದಲಾಗಲಿಲ್ಲ.

ಉಣಕಲ್ ಕೆರೆ ದಂಡೆ:
ದಿಕ್ಸೂಚಿ ನೋಡಿ. ಕರೆಂಟಿನ ದಪ್ಪ ವೈರು ಪಕ್ಕದಲ್ಲೇ ಹೋಗಿದ್ದರೆ ಥ್ರಾಟಲ್ ಏರಿಸಿದಾಗ ಅದಕ್ಕೆ ತಲೆ ಕೆಡುತ್ತದೆ, ಯಂತ್ರ ಗಿರಗಿರ ತಿರುಗುತ್ತದೆ. ನನ್ನ ಚಿಕ್ಕ ಡ್ರೋನಿನಲ್ಲಿ ಹಾಗೇ ಆಗಿತ್ತು.

ಟೋಲ್‌ನಾಕಾ ಹುಡುಗ:
ಜಿಪಿಎಸ್ ಜೊತೆ ಅರ್ಧ ಮೀಟರ್ ಕೋಲಿನ ಮೇಲಿದೆ ಸರ್. ಮೋಟಾರ್ ಓಡಿಸಿ ಕ್ಯಾಲಿಬ್ರೇಶನ್ ಕೂಡ ಮಾಡಿದ್ದೇವೆ.

ವೈಂಡಿಂಗ್ ಕಾಕಾ:
ತಮ್ಮಾ, ಊಹೆ ಮಾಡುತ್ತಾ ಸಾಮಾನು ಬದಲಿಸಬೇಡ, ರೊಕ್ಕ ಹಾಳು. ಹಾರಾಟದ ದಾಖಲೆ ಇರುವ ಲಾಗ್ ತೆಗೆ. ಮೂರು ವಿಷಯ ಹೇಳು. ಬೀಳುವ ಹೊತ್ತಿಗೆ ವೋಲ್ಟೇಜ್ ಎಷ್ಟಿತ್ತು, ಆರ್‌ಸಿಒಯು ಅನ್ನುವ ಸಾಲಿನಲ್ಲಿ ಎಂಟೂ ಮೋಟಾರಿಗೆ ಎಷ್ಟೆಷ್ಟು ಜೋರಿನ ಆದೇಶ ಹೋಗುತ್ತಿತ್ತು, ಮೆಸೇಜ್ ಏನಾದರೂ ಬಂತಾ. ಬೆಳಗಿನದೂ ಬೇಕು. ಮತ್ತೆ ಆ ಹಗ್ಗ ಗೂಟಕ್ಕೆ ಕಟ್ಟಿದ್ದೀರೋ ಕೈಯಲ್ಲಿ ಹಿಡಿದಿದ್ದೀರೋ?

ಟೋಲ್‌ನಾಕಾ ಹುಡುಗ:
ಎರಡು ಗೂಟಕ್ಕೆ, ಎರಡು ಕೈಯಲ್ಲಿ...

ಮಧ್ಯಾಹ್ನ ಬೀಳುವಾಗ 50.6 ವೋಲ್ಟ್. ಮೆಸೇಜ್ ಬಂದಿದೆ, "ಪೊಟೆನ್ಷಿಯಲ್ ಥ್ರಸ್ಟ್ ಲಾಸ್ 7", ಅಂದರೆ 7ರಲ್ಲಿ ಎತ್ತುವ ಬಲ ಸಾಲದಿರಬಹುದು ಅಂತ. 7ನೇ ಮೋಟಾರ್ ಕೆಟ್ಟಿದೆ ಅಂತ ಅದನ್ನೂ ಬದಲಿಸಿದ್ದೆವು. ಬೆಳಿಗ್ಗೆ ಎರಡೇ ನಿಮಿಷ ಹಾರಿಸಿದ್ದು, ಕ್ಲಾಸ್ ಇತ್ತು, ಇಳಿಸುವಾಗ 54 ವೋಲ್ಟ್. ಆದೇಶದ ಅಂಕಿ 1000 ಅಂದರೆ ಬಂದ್, 2000 ಅಂದರೆ ಪೂರ್ತಿ ಜೋರು. ಬೆಳಗಿನ ಲಾಗ್‌ನಲ್ಲೇ ಗಡಿಯಾರದ ದಿಕ್ಕಿಗೆ ತಿರುಗುವ ನಾಲ್ಕಕ್ಕೆ ಸುಮಾರು 1720, ಉಳಿದ ನಾಲ್ಕಕ್ಕೆ 1560. ಬೀಳುವಾಗ 7ನೇದು 2000ಕ್ಕೆ ಹೋಗಿ ಅಲ್ಲೇ ನಿಂತಿದೆ.

ವೈಂಡಿಂಗ್ ಕಾಕಾ:
ಮೊದಲು ಹಗ್ಗದ ಮಾತು. ಕೈಯಲ್ಲಿ ಹಿಡಿಯುವುದು ಇವತ್ತಿಂದ ಬಂದ್. ನಾಲ್ಕೂ ಗೂಟಕ್ಕೆ, ಸ್ವಲ್ಪ ಸಡಿಲ ಬಿಟ್ಟು. ಒಂದು ಹಗ್ಗ ಬಿಗಿಯಾಗಿ ಜಗ್ಗಿದರೆ ಕಂಟ್ರೋಲರ್ ಅದರ ವಿರುದ್ಧ ಇನ್ನೂ ಜೋರು ಹಾಕಿ ಯಂತ್ರವನ್ನು ಪಲ್ಟಿ ಹೊಡೆಸುತ್ತದೆ, ಹಗ್ಗ ಹಿಡಿದವನು ಅದರ ಕೆಳಗೇ ಇರುತ್ತಾನೆ.

ಈಗ ಲೆಕ್ಕ. ಆ 25 ಕೆಜಿ ಟೇಬಲ್‌ನಲ್ಲಿ ಎಷ್ಟು ವೋಲ್ಟಿಗೆ ಅಂತ ಬರೆದಿದೆ ನೋಡು, 58 ಇರಬೇಕು. ಅದನ್ನು ಅಳೆದದ್ದು ಸಮುದ್ರ ಮಟ್ಟದ ಗಾಳಿಯಲ್ಲಿ ಅಂತ ಹಿಡಿ. ಅಲ್ಲಿ 15 ಡಿಗ್ರಿಗೆ ಒಂದು ಘನ ಮೀಟರ್ ಗಾಳಿ 1.225 ಕೆಜಿ ತೂಗುತ್ತದೆ. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. 36 ಡಿಗ್ರಿ ಬಿಸಿಲಿನಲ್ಲಿ ಅದೇ ಗಾಳಿ 1.04 ಅಷ್ಟೇ. ಪ್ರೊಪೆಲ್ಲರ್ ಅಷ್ಟೇ ಸುತ್ತು ತಿರುಗಿದರೂ ಎತ್ತುವುದು ಶೇ 15 ಕಡಿಮೆ. ನಿನ್ನ 200 ಅಲ್ಲಿಗೇ 170 ಆಯಿತು.

ಇನ್ನು ಬ್ಯಾಟರಿ. ವೋಲ್ಟೇಜ್ ಇಳಿದರೆ ಸುತ್ತು ಇಳಿಯುತ್ತದೆ, ಎತ್ತುವ ಬಲ ಸುತ್ತಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 50.6ನ್ನು 58ರಿಂದ ಭಾಗಿಸಿ ವರ್ಗ ಮಾಡು, 0.76. 170ಕ್ಕೆ ಗುಣಿಸಿದರೆ 129. ನಿನ್ನ ಯಂತ್ರ 118! ಒಂದೊಂದು ಮೋಟಾರ್ ಪಾಲಿಗೆ 14.75 ಕೆಜಿ ಹೊರೆ, ತಾಕತ್ತು 16. ತಲೆ ಮೇಲೆ ತುಂಬಿದ ಕೊಡ ಇಟ್ಟುಕೊಂಡವನಿಗೆ ಹಿಂದಿನಿಂದ ಯಾರೋ ಕೈ ಹಾಕಿ ಜಗ್ಗಿದ ಹಾಗೆ ಒಂದು ಗಾಳಿ ಬಂದರೆ ಸಾಕು. ಬೆಳಿಗ್ಗೆ ಚೆನ್ನಾಗಿತ್ತು ಅಂತೀಯಲ್ಲ, ಅದು ತಂಪು ಗಾಳಿ ಮತ್ತು ಎರಡು ನಿಮಿಷದ ಕಥೆ. ಬೆಳಿಗ್ಗೆಯೂ ಐದು ನಿಮಿಷ ಹಾರಿಸಿದ್ದರೆ ಬೀಳುತ್ತಿತ್ತೇನೋ.

ಆದರೆ ತಿರುಗುವುದು ಬೇರೆ ರೋಗ. 1720ಕ್ಕೂ 1560ಕ್ಕೂ ಅಷ್ಟು ಅಂತರ ಇರಬಾರದು. ಯಂತ್ರಕ್ಕೆ ಬಲಕ್ಕೆ ತಿರುಗುವ ಚಾಳಿ ಇದೆ, ಅದನ್ನು ತಡೆಯಲು ಆ ನಾಲ್ಕು ಮೋಟಾರು ಸದಾ ಜಾಸ್ತಿ ದುಡಿಯುತ್ತಿವೆ. ಹಾಗಾಗಿ ಅವೇ ಮೊದಲು ಫುಲ್ ಆಗುತ್ತವೆ. 7ನೇದು ಕೆಟ್ಟಿರಲಿಲ್ಲ, ಪಾಪ ಸುಮ್ನೆ ಬದಲಿಸಿದಿರಿ. ದುಂಡು ಪೈಪು ಅಂದೆಯಲ್ಲ, ಕ್ಲ್ಯಾಂಪ್ ಜಾರಿ ಮೋಟಾರ್ ಓರೆಯಾಗಿದೆ. ಗೌಂಡಿಯವರು ಇಡುವ ಲೆವೆಲ್ ತಂದು ಒಂದೊಂದರ ತಲೆಯ ಮೇಲೂ ಇಟ್ಟು ನೋಡು.

ಟೋಲ್‌ನಾಕಾ ಹುಡುಗ:
ಕಾಕಾ!! ಟೇಬಲ್ 58 ವೋಲ್ಟಿಗೇ ಇತ್ತು. ಮೂರು ಮೋಟಾರ್ ಓರೆ. 4 ಮತ್ತು 5ನೇದು ಸುಮಾರು 2 ಡಿಗ್ರಿ, 7ನೇದು ಪೂರಾ 3. ಕಣ್ಣಿಗೆ ಕಾಣುವುದೇ ಇಲ್ಲ. 3 ಡಿಗ್ರಿಗೆ ಇಷ್ಟೆಲ್ಲಾ ಆಗುತ್ತದಾ?

ವೈಂಡಿಂಗ್ ಕಾಕಾ:
ಆಗುತ್ತದೆ. 14.75 ಕೆಜಿ ಬಲ 3 ಡಿಗ್ರಿ ಓರೆಯಾದರೆ ಅಡ್ಡಕ್ಕೆ ಮುಕ್ಕಾಲು ಕೆಜಿ ತಳ್ಳುತ್ತದೆ, ಅದೂ ತೋಳಿನ ತುದಿಯಲ್ಲಿ. ಬಾಗಿಲನ್ನು ಚಿಲಕದ ಹತ್ತಿರ ಒಂದೇ ಬೆರಳಲ್ಲಿ ನೂಕಬಹುದಲ್ಲ, ಹಾಗೆ. ನೆಟ್ಟಗೆ ಮಾಡಿ, ಕ್ಲ್ಯಾಂಪ್ ಬೋಲ್ಟಿಗೆ ಸಡಿಲವಾಗದ ಹಾಗೆ ಹಿಡಿಯುವ ಲಾಕ್‌ಟೈಟ್ ಅಂಟು ಹಾಕಿ ಬಿಗಿ ಮಾಡಿ. ಕ್ಲ್ಯಾಂಪಿನಿಂದ ಪೈಪಿನ ಮೇಲೆ ಬರುವ ಹಾಗೆ ನೇಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ಗೆರೆ ಒಡೆದಿದ್ದರೆ ಜಾರಿದೆ ಅಂತ ಅರ್ಥ. ಪೈಪಿಗೆ ತೂತು ಹೊಡೆಯಬೇಡಿ, ಕಾರ್ಬನ್ ಅಲ್ಲಿಂದಲೇ ಸೀಳುತ್ತದೆ.

ಉಸುಕು 30 ಕೆಜಿಗೆ ಇಳಿಸು. ಬ್ಯಾಟರಿ 52 ವೋಲ್ಟಿಗೆ ಬಂದರೆ ಯಂತ್ರ ಕೆಳಗಿಳಿಸಿಬಿಡಬೇಕು ಅಂತ ಅಲಾರಂ ಇಡು.

ಗದಗಿನ ಗಾಳಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಉಸುಕು ಕೂತಿರುವವರೆಗೆ ಇದು ಡ್ರೋನ್. 2021ರ ಡ್ರೋನ್ ನಿಯಮದಲ್ಲಿ ಶಿಕ್ಷಣ ಸಂಸ್ಥೆಗಳ ಸಂಶೋಧನೆಗೆ ವಿನಾಯಿತಿ ಇದೆ, ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ, ತಮ್ಮದೇ ಆವರಣದೊಳಗೆ ಹಾರಿಸಿದರೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಗ್ರೌಂಡ್ ಯಾವ ಬಣ್ಣ ನೋಡಿಕೊಳ್ಳಿ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಿದ್ದರೆ ಹಸಿರು ಬರೀ 200 ಅಡಿವರೆಗೆ, 8ರ ಒಳಗೆ ಹಸಿರೇ ಇಲ್ಲ. ಮನುಷ್ಯ ಕೂತ ಕ್ಷಣ ಅದು ವಿಮಾನ, ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ ಕಾಗದವೇ ಬೇರೆ. ಅಮೆರಿಕದಲ್ಲಿ ಇಂಥ ಒಂಟಿ ಸೀಟಿನದಕ್ಕೆ ಲೈಸೆನ್ಸ್ ಬೇಡ ಅಂತ ಯಾರೋ ಹೇಳೇ ಹೇಳುತ್ತಾರೆ. ಅಲ್ಲೂ ಖಾಲಿ ತೂಕ 254 ಪೌಂಡ್, ಅಂದರೆ 115 ಕೆಜಿ ಒಳಗಿರಬೇಕು, ಜನ ತುಂಬಿದ ಊರಿನ ಮೇಲೆ ಹಾರುವಂತಿಲ್ಲ. ಚಿಗರಿ ಬಸ್ಸಿನ ರೂಟಿನ ಮೇಲೆ ಹಾರುವ ಮಾತು ಮರೆತುಬಿಡಿ.

ಟೋಲ್‌ನಾಕಾ ಹುಡುಗ:
ನಕ್ಷೆ ನೋಡಿದೆವು, ನಮ್ಮ ಗ್ರೌಂಡ್ ಹಸಿರು. ಗೈಡ್ ಮೇಡಂಗೂ ತೋರಿಸಿದೆವು.

ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಬೇಕಂತಲೇ ಸುಡು ಬಿಸಿಲಲ್ಲಿ ಹಾರಿಸಿದೆವು. ಉಸುಕು 30 ಕೆಜಿ, ನಾಲ್ಕೂ ಹಗ್ಗ ಗೂಟಕ್ಕೆ, ಎಲ್ಲರೂ ಬೇವಿನ ಮರದ ಆಚೆ. ನಾಲ್ಕು ನಿಮಿಷ ಅಲ್ಲಾಡಲಿಲ್ಲ. ಈಗ ಆ ನಾಲ್ಕಕ್ಕೆ 1640, ಉಳಿದವಕ್ಕೆ 1625. ಮೆಸೇಜ್ ಬರಲಿಲ್ಲ. ಹುಡುಗಿಯರ ಹಾಸ್ಟೆಲಿನಿಂದ ಕೇಳಿ ತಂದ ಕೆಂಪು ನೇಲ್ ಪಾಲಿಶ್ ಗೆರೆ ಎಂಟೂ ಕಡೆ ಹಾಗೇ ಇದೆ.

ಒಂದೇ ಪ್ರಶ್ನೆ ಕಾಕಾ. ನಮ್ಮಲ್ಲಿ ಒಬ್ಬ 48 ಕೆಜಿ ಇದ್ದಾನೆ. ಹಗ್ಗ ಕಟ್ಟಿ, ಹೆಲ್ಮೆಟ್ ಹಾಕಿ, ಬೆಳಿಗ್ಗೆ, ಒಂದೇ ನಿಮಿಷ?

ವೈಂಡಿಂಗ್ ಕಾಕಾ:
ಬೇಡ. ಅವನು ಕೂತರೆ 114 ಕೆಜಿ, ಮತ್ತೆ ಹಳೇ ಲೆಕ್ಕಕ್ಕೇ ಬಂದೆ. ವಿಮಾನಕ್ಕೆ ರೆಕ್ಕೆ ಇದೆ, ಇಂಜಿನ್ ನಿಂತರೂ ತೇಲಿಕೊಂಡು ಇಳಿಯುತ್ತದೆ. ಇದು ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಬಿಸಿಲಲ್ಲಿ, ಬ್ಯಾಟರಿ ಇಳಿದಾಗಲೂ ತೂಕದ ಎರಡರಷ್ಟು ಎತ್ತುವ ಮೋಟಾರು ಹಾಕಿ ಆಮೇಲೆ ಕೇಳು. ಗದಗಿನವರು ಹೇಳಿದ ಕಾಗದವೂ ಇರಲಿ.

ಟೋಲ್‌ನಾಕಾ ಹುಡುಗ:
ಸರಿ ಕಾಕಾ. ಅವನಿಗೆ ಗೂಟ ಹೊಡೆಯುವ ಕೆಲಸ ಕೊಟ್ಟಿದ್ದೇವೆ. ಮುಖ ಊದಿಸಿಕೊಂಡಿದ್ದಾನೆ, ಆದರೆ ಗೂಟ ಮಾತ್ರ ಗಟ್ಟಿ ಹೊಡೆಯುತ್ತಾನೆ.