ಪದಚರ್ಚೆ: ‘ಡೆಪ್ತ್ ಆಫ್ ಫೀಲ್ಡ್’ನಲ್ಲಿ ಇರುವುದು ಆಳವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಊರಿನ ನಾಲ್ಕೈದು ಹುಡುಗರಿಗೆ ಕ್ಯಾಮೆರಾ ಹೇಳಿಕೊಡುತ್ತಿದ್ದೇನೆ. ಅವರಿಗಾಗಿ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆಯಲು ಕೂತೆ. ಲೆನ್ಸ್, ಶಟರ್, ಅಪರ್ಚರ್ ಇವನ್ನೆಲ್ಲ ಹಾಗೇ ಬಿಟ್ಟೆ. ಸ್ಟುಡಿಯೋಗಳಲ್ಲಿ ಅವು ಯಾವಾಗಲೋ ಕನ್ನಡವಾಗಿವೆ. ಸಿಕ್ಕಿಕೊಂಡಿದ್ದು ‘ಡೆಪ್ತ್ ಆಫ್ ಫೀಲ್ಡ್’ ಮತ್ತು ‘ಝೋನ್ ಫೋಕಸಿಂಗ್’ ಹತ್ತಿರ.

ಮೊದಲು ‘ಕ್ಷೇತ್ರದ ಆಳ’ ಅಂತ ಬರೆದೆ. ಒಬ್ಬ ಹುಡುಗ ಓದಿ, “ಸಾರ್, ಇದು ಬೋರ್‌ವೆಲ್ ವಿಷಯಾನಾ?” ಅಂದ. ನಗು ಬಂತು, ಆದರೆ ಅವನ ತಪ್ಪೇನೂ ಇಲ್ಲ. ಕನ್ನಡದ ಆಳ ಯಾವಾಗಲೂ ಕೆಳಕ್ಕೆ ಇಳಿಯುತ್ತದೆ. ಬಾವಿಗೆ ಆಳ, ಹೊಳೆಗೆ ಆಳ, ಪಾಯಕ್ಕೆ ಆಳ. 30-40 ಸೈಟು ರಸ್ತೆಯಿಂದ ಹಿಂದಕ್ಕೆ ಎಷ್ಟು ಹೋಗಿದೆ ಅನ್ನುವುದನ್ನು ಯಾರೂ ಆಳ ಅನ್ನುವುದಿಲ್ಲ, ಉದ್ದ ಅನ್ನುತ್ತೇವೆ. ಇನ್ನು ಕ್ಷೇತ್ರ ಅಂದರೆ ಒಂದೋ ದೇವಸ್ಥಾನ, ಇಲ್ಲವೇ ಚುನಾವಣೆ.

ಕ್ಯಾಮೆರಾ ಹಿಡಿಯದವರಿಗೆ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೆನ್ಸು ಸರಿಯಾಗಿ ಕೂರುವುದು ಒಂದೇ ಒಂದು ದೂರಕ್ಕೆ. ಅದರ ಹಿಂದೆ ಮುಂದೆ ಇರುವ ಒಂದೊಂದು ಚುಕ್ಕೆಯೂ ಫಿಲ್ಮಿನ ಮೇಲೆ ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಬಿಲ್ಲೆ ತೀರಾ ಚಿಕ್ಕದಿದ್ದರೆ ಕಣ್ಣು ಅದನ್ನು ಚುಕ್ಕೆ ಅಂತಲೇ ಒಪ್ಪಿಕೊಳ್ಳುತ್ತದೆ. 35 ಮಿ.ಮೀ. ಫಿಲ್ಮಿಗೆ ಈ ರಿಯಾಯಿತಿ ಸುಮಾರು 0.03 ಮಿ.ಮೀ. ಅಂತ ಇಟ್ಟುಕೊಳ್ಳುವುದು ಹಳೆಯ ರೂಢಿ. ಕಣ್ಣು ಒಪ್ಪಿಕೊಳ್ಳುವಷ್ಟು ಹೊತ್ತು, ಇಲ್ಲಿಂದ ಅಲ್ಲಿಯವರೆಗೆ ಎಲ್ಲ ನಿಚ್ಚಳ. ಆ ‘ಇಲ್ಲಿಂದ ಅಲ್ಲಿಯವರೆಗೆ’ ಅನ್ನುವುದಕ್ಕೆ ನನಗೆ ಪದ ಬೇಕು. (ಬಿಲ್ಲೆಗೆ ಇಂಗ್ಲಿಷಿನಲ್ಲಿ ‘ಸರ್ಕಲ್ ಆಫ್ ಕನ್‌ಫ್ಯೂಷನ್’ ಅನ್ನುತ್ತಾರೆ. ‘ಗೊಂದಲದ ವೃತ್ತ’ ಅಂತ ಬರೆದರೆ ಉತ್ತರ ಕರ್ನಾಟಕದವರು ಗೊಂದಲ ಹಾಕುವ ಜಾನಪದ ಕಲಾವಿದರನ್ನು, ಅಂದರೆ ಗೊಂದಲಿಗರನ್ನು ಹುಡುಕಿಕೊಂಡು ಹೋದಾರು. ನಾನು ‘ಮಸುಕು ಚುಕ್ಕೆ’ ಅಂತ ಬರೆದು ಮುಂದೆ ಹೋದೆ.)

ಅಲ್ಟ್ರಾ ವೈಡ್ ಲೆನ್ಸಿಗೆ, ಅಂದರೆ ತುಂಬಾ ಅಗಲದ ನೋಟ ಹಿಡಿಯುವ ಲೆನ್ಸಿಗೆ ಬಂದರೆ ಈ ಲೆಕ್ಕ ಮಜವಾಗಿದೆ. 50 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿ (ಎಫ್ ಅನ್ನುವುದು ಅಪರ್ಚರ್, ಅಂದರೆ ಲೆನ್ಸಿನ ತೂತಿನ ಅಳತೆ; ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು) ಸುಮಾರು 10.4 ಮೀಟರಿಗೆ ಇಟ್ಟರೆ 5.2 ಮೀಟರಿನಿಂದ ದಿಗಂತದವರೆಗೆ ನಿಚ್ಚಳ. 15 ಮಿ.ಮೀ. ಲೆನ್ಸನ್ನು ಅದೇ ಎಫ್ 8ರಲ್ಲಿ ಬರೀ 95 ಸೆಂ.ಮೀ.ಗೆ ಇಟ್ಟರೆ ಸಾಕು, 48 ಸೆಂ.ಮೀ.ನಿಂದ ದಿಗಂತದವರೆಗೆ ಎಲ್ಲ ಸಿಕ್ಕಿತು! ಲೆನ್ಸಿನ ಸಂಗಮದೂರ (ಫೋಕಲ್ ಲೆಂತ್; 50 ಮಿ.ಮೀ., 15 ಮಿ.ಮೀ. ಅನ್ನುವುದು ಇದನ್ನೇ) ಅರ್ಧವಾದರೆ ಈ ದೂರ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಇಷ್ಟು ವ್ಯತ್ಯಾಸ.

ಹುಡುಗರಿಗೆ ಸೆಂಟಿಮೀಟರ್ ಹೇಳಿ ಪ್ರಯೋಜನವಾಗಲಿಲ್ಲ. ಗಲ್ಲಿಯಲ್ಲಿ ಟೇಪು ಹಿಡಿದು ಯಾರು ನಿಲ್ಲುತ್ತಾರೆ? ಆಗ ಹೊಳೆದದ್ದು ಮೊಳ. 95 ಸೆಂ.ಮೀ. ಅಂದರೆ ಎರಡು ಮೊಳ, ಮೇಲೆ ಎರಡು ಬೆರಳು. ನಿಚ್ಚಳ ಶುರುವಾಗುವುದು ಒಂದು ಮೊಳದಿಂದ. 21 ಮಿ.ಮೀ. ಲೆನ್ಸಾದರೆ ಒಂದು ಮಾರಿಗೆ ಇಡಬೇಕು, ಅರ್ಧ ಮಾರಿನಿಂದ ಆಚೆಗೆಲ್ಲ ನಿಚ್ಚಳ. ಕೈಯೇ ಅಳತೆಗೋಲು. ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಇದನ್ನು ಮಾಡಿಸಿ ನೋಡಿದೆ, ಸಲೀಸಾಗಿ ಬಂತು. ಹೂವಮ್ಮನ ಮೊಳ ಮಾತ್ರ ನಂಬಬೇಡಿ, ಅದು ಯಾವಾಗಲೂ ನಾಲ್ಕು ಬೆರಳು ಕಮ್ಮಿ.

ಇದು ತೀರಾ ಹಳ್ಳಿ ಲೆಕ್ಕ ಅನ್ನುವವರಿಗೆ ಒಂದು ಮಾತು. ಲೆನ್ಸ್ ಅಂದರೆ ಲ್ಯಾಟಿನ್ನಿನಲ್ಲಿ ಚನ್ನಂಗಿ ಬೇಳೆ. ನಮ್ಮ ಪಠ್ಯಪುಸ್ತಕದ ‘ಮಸೂರ’ವೂ ಅದೇ ಬೇಳೆ. ಫೋಕಸ್ ಅಂದರೆ ಒಲೆ. 1604ರಲ್ಲಿ ಕೆಪ್ಲರ್ ಆ ಪದವನ್ನು ಬೆಳಕಿನ ಶಾಸ್ತ್ರಕ್ಕೆ ತಂದ. ಅಡುಗೆಮನೆಯಿಂದ ಅಷ್ಟು ಬಂದಿರುವಾಗ ಹೂವಿನ ಬುಟ್ಟಿಯಿಂದ ಮೊಳ ಬಂದರೆ ಏನು ತಪ್ಪು?

‘ಝೋನ್ ಫೋಕಸಿಂಗ್’ ವಿಷಯಕ್ಕೆ ಬರುತ್ತೇನೆ. ‘ವಲಯ’ ಅಂದರೆ ಅರಣ್ಯ ಇಲಾಖೆಯ ಬೋರ್ಡು ಕಣ್ಣ ಮುಂದೆ ಬರುತ್ತದೆ. ಇನ್ನು ‘ಫೋಕಸಿಂಗ್’ ಅನ್ನುವುದೂ ಇಲ್ಲಿ ಸುಮ್ನೆ ಹೆಸರಿಗೆ. ಇದು ನಿಜವಾಗಿ ಫೋಕಸ್ ಮಾಡದೇ ಇರುವ ಕೆಲಸ. ಲೆನ್ಸಿನ ಫೋಕಸ್ ಉಂಗುರವನ್ನು ಮೊದಲೇ ಒಂದು ದೂರಕ್ಕೆ ಇಟ್ಟು, ಆಮೇಲೆ ಮುಟ್ಟದೆ, ಆ ಅಳತೆಯೊಳಗೆ ಬಂದವರನ್ನು ಹಿಡಿಯುವುದು. ಒಲಿಂಪಸ್ ಟ್ರಿಪ್ 35 ಅನ್ನುವ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಇದಕ್ಕೆ ನಾಲ್ಕು ಗುರುತುಗಳಿದ್ದವು: ಒಬ್ಬರ ತಲೆ, ಇಬ್ಬರು, ಗುಂಪು, ಬೆಟ್ಟ. ಓದು ಬಾರದವರೂ ತಿರುಗಿಸಬಹುದು. 1999ರಲ್ಲಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಬಂದ 15 ಮಿ.ಮೀ. ಹೆಲಿಯರ್ ಲೆನ್ಸಿಗೆ ಕ್ಯಾಮೆರಾದ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ತೋರಿಸುವ ಸಾಧನ) ಜೊತೆ ಕೊಂಡಿಯೇ ಇರಲಿಲ್ಲ. ದೂರವನ್ನು ಅಂದಾಜು ಮಾಡಿ ಇಡುವುದೊಂದೇ ದಾರಿ. ಹಾಗಾಗಿ ನಾನು ‘ದೂರ ಕಟ್ಟುವುದು’ ಅಂತ ಬರೆದಿದ್ದೇನೆ. “ಎರಡು ಮೊಳಕ್ಕೆ ಕಟ್ಟಿಕೊಂಡು ಹೊರಡು.” ಕಿವಿಗೆ ಚೆನ್ನಾಗಿದೆ, ಅಲ್ವಾ?

‘ಡೆಪ್ತ್ ಆಫ್ ಫೋಕಸ್’ ಅಂತ ಇನ್ನೊಂದಿದೆ. ಎರಡಕ್ಕೂ ಆಳ ಹಾಕಿದರೆ ಅನಾಹುತ. ಫೀಲ್ಡ್ ಇರುವುದು ಲೆನ್ಸಿನ ಹೊರಗೆ, ಬೀದಿಯಲ್ಲಿ. ಫೋಕಸ್ಸಿನದು ಒಳಗೆ, ಫಿಲ್ಮಿನ ಹತ್ತಿರ. ವೈಡ್ ಲೆನ್ಸಿಗೆ ಹೊರಗೆ ಧಾರಾಳ ಇದೆ, ಆದರೆ ಒಳಗೆ ಲೆನ್ಸು ಸ್ವಲ್ಪ ಸರಿದರೂ ಹೊರಗಿನ ದೂರ ಎಲ್ಲೋ ಹೋಗಿಬಿಡುತ್ತದೆ. ಒಮ್ಮೆ ಅಗ್ಗದ ಅಡಾಪ್ಟರ್ (ಲೆನ್ಸನ್ನು ಬೇರೆ ಕ್ಯಾಮೆರಾಗೆ ಕೂರಿಸುವ ಬಳೆ) ಒಂದನ್ನು ಕೊಂಡೆ. ಅದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು, ಅಂದರೆ 0.1 ಮಿ.ಮೀ.ನಷ್ಟು ಹೆಚ್ಚು ದಪ್ಪ ಇತ್ತು. 50 ಮಿ.ಮೀ. ಲೆನ್ಸಿನಲ್ಲಿ ಗೊತ್ತೇ ಆಗಲಿಲ್ಲ, ಅನಂತದ ಗುರುತಿಗೆ ಇಟ್ಟರೆ 25 ಮೀಟರಿಗೆ ಬಂದು ನಿಲ್ಲುತ್ತಿತ್ತು ಅಷ್ಟೇ. 15ರಲ್ಲಿ ಅದೇ ಗುರುತಿಗೆ ಇಟ್ಟರೆ 2.25 ಮೀಟರಿಗೆ ಬಂದು ಕೂತಿತು. ಕಟ್ಟಿದ ದೂರಗಳೆಲ್ಲ ಸುಳ್ಳಾದವು. ಮೂರು ವಾರ ಲೆನ್ಸನ್ನೇ ಬೈದೆ.

ಈಗ ಮೊದಲ ಪದಕ್ಕೆ ವಾಪಸ್. ‘ನಿಚ್ಚಳದ ಹರವು’ ಅಂತ ಯೋಚಿಸಿದೆ. ಆದರೆ ಹರವು ಅಕ್ಕಪಕ್ಕಕ್ಕೆ ಹರಡುತ್ತದೆ. ಆಳ ಕೆಳಕ್ಕೆ, ಹರವು ಅಡ್ಡಕ್ಕೆ, ನನಗೆ ಬೇಕಾದದ್ದು ಎದುರಿಗೆ. ಕೊನೆಗೆ ‘ಹಿಂದುಮುಂದು’ ಅಂತ ಇಟ್ಟೆ. “ಈ ಲೆನ್ಸಿಗೆ ಹಿಂದುಮುಂದು ಜಾಸ್ತಿ.” ಹುಡುಗರಿಗೆ ತಟ್ಟನೆ ಹಿಡಿಸಿತು, ಏಕೆಂದರೆ ಫೋಕಸ್ ಆದ ಜಾಗದ ಹಿಂದೆ ಮತ್ತು ಮುಂದೆ ಅನ್ನುವುದು ಪದದಲ್ಲೇ ಇದೆ. ತೊಂದರೆ ಒಂದೇ. ತೂತು ತುಂಬ ದೊಡ್ಡದಿರುವ, ಹಾಗಾಗಿ ಹಿಂದುಮುಂದು ತೀರಾ ಕಮ್ಮಿ ಇರುವ ಎಫ್ 1.4ರ ದುಬಾರಿ ಲೆನ್ಸನ್ನು ‘ಹಿಂದುಮುಂದು ಇಲ್ಲದ್ದು’ ಅಂದರೆ ಪಾಪ, ಅದು ದಿಕ್ಕಿಲ್ಲದ ಅನಾಥ ಅಂತ ಕೇಳಿಸುತ್ತದೆ.

ಕೇಳಬೇಕಾದದ್ದು ಎರಡು. ‘ಹಿಂದುಮುಂದು’ ಅಚ್ಚಿನಲ್ಲಿ ನಿಲ್ಲುತ್ತದೆಯೇ, ಇಲ್ಲಾ ಮಾತಿಗಷ್ಟೇ ಸರಿಯೇ? ಮತ್ತೆ, ಯಾವ ದೂರಕ್ಕೆ ಕಟ್ಟಿದರೆ ನಿಚ್ಚಳ ದಿಗಂತವನ್ನು ಮುಟ್ಟುತ್ತದೋ ಅದಕ್ಕೆ ‘ಹೈಪರ್‌ಫೋಕಲ್’ ಅನ್ನುತ್ತಾರೆ. ಇದಕ್ಕೆ ‘ಅತಿಸಂಗಮ ದೂರ’ ಅಂತ ಬರೆಯಲು ಕೈ ಬರುತ್ತಿಲ್ಲ. ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟಿದ್ದೇನೆ. ಭಾನುವಾರ ಜೆರಾಕ್ಸ್ ಮಾಡಿಸಬೇಕು, ಅಷ್ಟರೊಳಗೆ ಯಾರಿಗಾದರೂ ಹೊಳೆದರೆ ತಿಳಿಸಿ.