ಮೈದಾನದಲ್ಲಿ ನೀರು, ಗೇಟಿಗೆ ಕಮಾನು: ತಂಡದ ಅಭಿಮಾನಿಗಳು ಪುರಸಭೆಯ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ಜರ್ಸಿ ಹೊಲಿಯುವವನು (ಶಿವಮೊಗ್ಗ ಜಿಲ್ಲೆ)

ನಮ್ಮದು ಮಲೆನಾಡಿನ ಸಣ್ಣ ಪೇಟೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಕಾರಣ ಮುಂದೆ ತಿಳಿಯುತ್ತದೆ. ಮೈದಾನದ ಎದುರಿಗೇ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಊರಿನ ಫುಟ್‌ಬಾಲ್ ತಂಡದ ಜರ್ಸಿಗಳಿಗೆ ಸಂಖ್ಯೆ ಹೊಲಿಯುತ್ತಿದ್ದೇನೆ. ಮುದ್ರಿಸಿದ ಜರ್ಸಿ ಈಗ ಅಗ್ಗಕ್ಕೆ ಸಿಗುತ್ತದೆ, ಆದರೆ ನಮ್ಮ ಕೆಸರಿಗೆ ಆ ಸಂಖ್ಯೆಗಳು ಒಂದೇ ಮಳೆಗಾಲದಲ್ಲಿ ಸುಲಿದು ಬರುತ್ತವೆ. ಹಾಗಾಗಿ ಹುಡುಗರು ಇನ್ನೂ ನನ್ನ ಬಳಿಯೇ ಬರುತ್ತಾರೆ. ನಾನು ಆಡಿದವನಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು ಮೈದಾನದ ಕಟ್ಟೆಯ ಮೇಲೆ ಕುಳಿತು ಪಂದ್ಯ ನೋಡುತ್ತೇನೆ. ಅಷ್ಟು ಹೊತ್ತು ಯಾರ ಬ್ಲೌಸ್ ಎಷ್ಟೇ ತುರ್ತಿದ್ದರೂ ಕಾಯಬೇಕು.

ವಿಷಯ ಇಷ್ಟು. ಮೈದಾನದ ಪೂರ್ವದ ಗೋಲಿನ ಮುಂದೆ ಪ್ರತಿ ಮಳೆಗಾಲವೂ ನೀರು ನಿಲ್ಲುತ್ತದೆ. ಈ ಸಲದ ಪುಷ್ಯ ಮಳೆಯಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ, ಅಂದರೆ ಇಪ್ಪತ್ತನಾಲ್ಕು ಅಡಿ ಉದ್ದಕ್ಕೂ, ಮೀನಖಂಡ ಮುಳುಗುವಷ್ಟು ನೀರಿತ್ತು. ಹುಡುಗರು ಅಡಿಕೆ ಸುಲಿಯುವ ಮನೆಗಳಿಂದ ಗೋಣಿಚೀಲಗಳಲ್ಲಿ ಸಿಪ್ಪೆ ತಂದು ಸುರಿದರು. ಅದರ ಮೇಲೆಯೇ ಆಡಿದರು. ಪಂದ್ಯ ಮುಗಿದ ಮೇಲೆ ಗೋಲ್‌ಕೀಪರ್‌ನ ಜರ್ಸಿ ರಿಪೇರಿಗೆ ಬಂತು. ಹೊಲಿಗೆಯ ಎಳೆ ಎಳೆಯಲ್ಲೂ ಸಿಪ್ಪೆಯ ನಾರು ಸಿಕ್ಕಿಕೊಂಡಿತ್ತು. ಒಂದೊಂದನ್ನೂ ಸೂಜಿಯ ಮೊನೆಯಿಂದ ಬಿಡಿಸುವಾಗ ಮೊಣಕೈಯ ಜಾಗದಲ್ಲಿ ಒಣಗಿದ ರಕ್ತವೂ ಕಂಡಿತು. ಹತ್ತೊಂಬತ್ತು ವರ್ಷದ ಹುಡುಗ. ಬೆಳಗ್ಗೆ ಹಾಲಿನ ಡೈರಿಯಲ್ಲಿ ಕ್ಯಾನ್ ಎತ್ತುತ್ತಾನೆ.

ಚರಂಡಿ ಮಾಡಿಸಿಕೊಡಿ ಎಂದು ತಂಡದವರು ಪುರಸಭೆಗೆ ಮೂರು ಸಲ ಮನವಿ ಕೊಟ್ಟಿದ್ದಾರೆ. ಅನುದಾನವಿಲ್ಲ ಎಂಬ ಉತ್ತರ ಬಂದಿದೆ. ಆದರೆ ಕಳೆದ ಬೇಸಿಗೆಯಲ್ಲಿ ಅದೇ ಮೈದಾನದ ಗೇಟಿಗೆ ಒಂದು ದೊಡ್ಡ ಕಮಾನು ಬಂತು. ಕಂಬಗಳಿಗೆ ಗ್ರಾನೈಟ್ ಹೊದಿಕೆ, ಎರಡೂ ಬದಿಗೆ ಸ್ಟೀಲ್ ಕಟಕಟೆ, ಪಕ್ಕದಲ್ಲಿ ಕಾರಂಜಿ. ಕಾರಂಜಿ ಉದ್ಘಾಟನೆಯ ದಿನ ಚಿಮ್ಮಿತು, ಆಮೇಲೆ ನಾನು ಕಂಡಿಲ್ಲ. ಕಾಮಗಾರಿಯ ಫಲಕ ಈಗಲೂ ಅಲ್ಲೇ ಇದೆ. ಕಾಮಗಾರಿಯ ಹೆಸರು ಇದೆ, ವರ್ಷ ಇದೆ. ‘ಅಂದಾಜು ಮೊತ್ತ’ ಎಂದು ಬರೆದು ಎರಡು ಚುಕ್ಕಿ ಇಟ್ಟಿದ್ದಾರೆ, ಅದರ ಮುಂದೆ ಬರೀ ನೀಲಿ ಬಣ್ಣ. ದಿನಕ್ಕೆ ಹತ್ತು ಸಲ ಅಂಗಡಿಯಿಂದ ತಲೆ ಎತ್ತಿದಾಗ ಆ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತದೆ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ, ನನ್ನ ಕಟಿಂಗ್ ಮೇಜಿನ ಮೇಲೆ ಮೊಬೈಲ್ ಒರಗಿಸಿಟ್ಟು ಹದಿನೈದು ಹುಡುಗರು ನೋಡಿದ್ದರು. ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದ ಕಾಲದ ನಂತರ, 54 ವರ್ಷಗಳಾದ ಮೇಲೆ ಬಂದ ಟ್ರೋಫಿ ಅದು. ಮರುವಾರವೇ ಹೊಸ ಮಕ್ಕಳು ಮೈದಾನಕ್ಕೆ ಬಂದರು. ಅವರೆಲ್ಲ ಆ ನೀರಿನಲ್ಲೇ ಆಟ ಕಲಿಯುತ್ತಿದ್ದಾರೆ.

ನಾನು ಲೆಕ್ಕ ಕೇಳಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ತಂಡದ ನಾಯಕ, ಆಟೊ ಓಡಿಸುವವನು, ಅಂಗಡಿಗೆ ಬಂದು ಕೈ ಹಿಡಿದುಕೊಂಡ. “ಬೇಡ ಅಣ್ಣ. ಪಂದ್ಯಾವಳಿ ನಡೆಸುವುದಕ್ಕೆ ಅನುಮತಿ ಅವರೇ ಕೊಡಬೇಕು. ಸಿಟ್ಟು ಬಂದರೆ ಮೈದಾನವನ್ನೇ ಕೊಡುವುದಿಲ್ಲ” ಎಂದ. ಅವನ ಭಯ ಸುಳ್ಳಲ್ಲ. ತಂಡಕ್ಕೆ ತೊಂದರೆಯಾಗದ ಹಾಗೆ, ತಂಡಕ್ಕಾಗಿಯೇ ಈ ಲೆಕ್ಕವನ್ನು ಹೇಗೆ ಕೇಳಲಿ? ಯಾವ ಕಾಗದ ಕೇಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಲೆಕ್ಕಪತ್ರ ಗುಮಾಸ್ತ (ಸಾಗರ)

ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೊದಲು ನಿಮ್ಮ ನಾಯಕನ ಭಯಕ್ಕೆ ಉತ್ತರ ಹೇಳುತ್ತೇನೆ. ಅರ್ಜಿಯಲ್ಲಿ ತಂಡದ ಹೆಸರೇ ಬರಬಾರದು. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ ಅರ್ಜಿ ಹಾಕುವವನು ಒಬ್ಬ ನಾಗರಿಕ, ಅಷ್ಟೇ. ಏಕೆ ಕೇಳುತ್ತಿದ್ದೀರಿ ಎಂಬ ಕಾರಣವನ್ನು ಹೇಳಬೇಕಾಗಿಲ್ಲ ಎಂದು 6(2)ನೇ ಪ್ರಕರಣದಲ್ಲೇ ಇದೆ. ಆದ್ದರಿಂದ ನಿಮ್ಮ ಹೆಸರು, ನಿಮ್ಮ ವಿಳಾಸ, ನಿಮ್ಮ ಸಹಿ. ತಂಡದ ಮೊಹರು ಬೇಡ.

ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ ಹತ್ತು ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ನಡೆಯುತ್ತದೆ. ಪ್ರತಿಗಳಿಗೆ ಪುಟಕ್ಕೆ ಎರಡು ರೂಪಾಯಿ. “ಕಮಾನಿಗೆ ಏಕೆ ಇಷ್ಟು ಖರ್ಚು ಮಾಡಿದಿರಿ?” ಎಂದು ಕೇಳಬೇಡಿ. ‘ಏಕೆ’ ಎಂಬ ಪ್ರಶ್ನೆ ಮಾಹಿತಿಯಲ್ಲ ಎಂದು ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಕಾಗದಗಳ ಹೆಸರು ಹೇಳಿಯೇ ಕೇಳಿ. ಸಾಮಾನ್ಯ ಸಭೆಯ ನಡಾವಳಿ, ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲುಗಳು. ಈ ಐದರಲ್ಲಿ ಅಳತೆ ಪುಸ್ತಕವೇ ಮುಖ್ಯ. ಎಂಜಿನಿಯರ್ ಸ್ಥಳಕ್ಕೆ ಹೋಗಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಗ್ರಾನೈಟ್ ಎಂದು ಬರೆದು ಸಹಿ ಹಾಕಿದ ಮೇಲೆಯೇ ಬಿಲ್ಲು ಆಗುವುದು. ನೀವು ಟೇಪು ಹಿಡಿದು ಅಳೆದು ನೋಡಿದರೆ ಆ ಪುಸ್ತಕ ನಿಜ ಹೇಳುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕಮಾನು, ಕಟಕಟೆ, ಕಾರಂಜಿ ಮೂರೂ ಒಂದೇ ಟೆಂಡರಿನಲ್ಲಿ ಆಗಿವೆಯೇ ಅಥವಾ ತುಂಡು ಮಾಡಿ ಕೊಟ್ಟಿದ್ದಾರೆಯೇ ಎಂಬುದನ್ನೂ ಆದೇಶಗಳ ದಿನಾಂಕ ನೋಡಿ ತಿಳಿಯಬಹುದು.

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು, ನಿಮಗೆ ಮೊದಲ ಮೇಲ್ಮನವಿಯ ಹಕ್ಕೂ ಇದೆ.

ಇನ್ನೊಂದು ಮಾತು. ಆಟದ ಮೈದಾನ ಒದಗಿಸುವುದು ಯಾರೋ ಮಾಡುವ ಉಪಕಾರವಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ಪೌರ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳಿವೆ. ಉದ್ಯಾನ, ಆಟದ ಮೈದಾನಗಳು ಅದರಲ್ಲಿ ಸೇರಿವೆ. ಕಮಾನು ಎಂಬ ಪದ ಅಲ್ಲಿ ಇಲ್ಲ.

ಉತ್ತರ: ಹಳೆಯ ಲೆಫ್ಟ್ ಬ್ಯಾಕ್ (ಭದ್ರಾವತಿ)

ಟೈಲರಣ್ಣ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾವು ಕಾರ್ಖಾನೆಯ ಸೈರನ್ ಕೇಳಿ ಬೆಳೆದವರು. ಪಾಳಿ ಮುಗಿಸಿ ಬಂದ ಕಾರ್ಮಿಕರು ಬೂಟು ಬದಲಿಸಿ ನೇರ ಮೈದಾನಕ್ಕೆ ಇಳಿಯುತ್ತಿದ್ದರು. ಮೈದಾನದ ಹುಲ್ಲು ಕತ್ತರಿಸುವುದಕ್ಕೆ, ಗೆರೆಗೆ ಸುಣ್ಣ ಹಾಕುವುದಕ್ಕೆ ಯಾರಲ್ಲೂ ಅರ್ಜಿ ಹಾಕಿದ ನೆನಪಿಲ್ಲ. ಕಾರ್ಖಾನೆಗಳ ಕೈ ಸೋತ ಮೇಲೆ ಮೈದಾನಗಳೂ ಸೊರಗಿದವು.

ಆದರೆ ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಲೆಕ್ಕ ಕೇಳುವುದರಿಂದ ಚರಂಡಿ ಬರುವುದಿಲ್ಲ. ಸರ್ಕಾರದ ಹಣ ಲೆಕ್ಕಶೀರ್ಷಿಕೆಯ ಪ್ರಕಾರ, ಅಂದರೆ ಯಾವ ಕೆಲಸಕ್ಕೆ ಎಂದು ಮೊದಲೇ ಹೆಸರಿಟ್ಟು, ಬರುತ್ತದೆ. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಸುಲಭವಾಗಿ ಹಾಕಲಾಗುವುದಿಲ್ಲ. ಕಮಾನಿನ ದುಡ್ಡು ಖರ್ಚಾಗಿ ಹೋಯಿತು. ನಿಮಗೆ ಬೇಕಿರುವುದು ಮುಂದಿನ ವರ್ಷದ ದುಡ್ಡು. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಆ ಸಭೆಗೆ ಬರುವವರು ಹತ್ತು ಜನ, ಬಾಯಿ ತೆರೆಯುವವರು ಇಬ್ಬರು. ನೀವು ಐವತ್ತು ಜನ ಜರ್ಸಿ ತೊಟ್ಟು ಹೋಗಿ ಕುಳಿತುಕೊಳ್ಳಿ. ಮೈದಾನದ ಚರಂಡಿ ಎಂಬ ಎರಡು ಪದ ನಡಾವಳಿಯಲ್ಲಿ ಬರೆಯಿಸಿ ಬನ್ನಿ. ನಮ್ಮ ಬಡಾವಣೆಯ ಸದಸ್ಯರೊಬ್ಬರು ಹೀಗೆಯೇ ನಮಗೆ ದೀಪ ಹಾಕಿಸಿಕೊಟ್ಟರು. ಎಲ್ಲರೂ ಕೆಟ್ಟವರಲ್ಲ. ಜಗಳದಿಂದ ಶುರು ಮಾಡಬೇಡಿ ಎಂಬುದು ನನ್ನ ಪ್ರೀತಿಯ ಮಾತು.

ಉತ್ತರ: ಹನ್ನೊಂದನೇ ನಂಬರಿನ ತಾಯಿ (ತೀರ್ಥಹಳ್ಳಿ)

ಕಮಾನಿನ ಜೊತೆಗೆ ಇನ್ನೊಂದು ಸೇರಿಸಿ ಕೇಳಿ ಅಣ್ಣ. ಬಟ್ಟೆ ಬದಲಿಸುವ ಕೋಣೆ ಇದೆಯೇ, ಅದರ ಬೀಗದ ಕೈ ಯಾರ ಹತ್ತಿರ ಇದೆ? ನನ್ನ ಮಗಳು ಆಡುತ್ತಾಳೆ. ಪಂದ್ಯದ ದಿನ ಹೆಣ್ಣುಮಕ್ಕಳು ಟೆಂಪೋದ ಹಿಂದೆ ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸುತ್ತಾರೆ. ಆ ಸೀರೆ ಹಿಡಿಯುವವಳು ನಾನೇ.

ಉತ್ತರ: ಸಿವಿಲ್ ಡಿಪ್ಲೊಮಾ (ಹೊಸನಗರ)

ನೀರಿನ ಲೆಕ್ಕ ನಾನು ಕೊಡುತ್ತೇನೆ. ಪೂರ್ಣ ಅಳತೆಯ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 7,140 ಲೀಟರ್. ನಮ್ಮ ಕಡೆ ಜುಲೈನಲ್ಲಿ ದಿನಕ್ಕೆ 100 ಮಿಲಿಮೀಟರ್ ಬೀಳುವುದು ಅಪರೂಪವಲ್ಲ. ಅಂಥ ದಿನ ಮೈದಾನದ ಮೇಲೆ ಏಳು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ, ಐದು ಸಾವಿರ ಲೀಟರಿನ 140ಕ್ಕೂ ಹೆಚ್ಚು ಟ್ಯಾಂಕರ್. ಇಷ್ಟು ನೀರಿಗೆ ದಾರಿ ಬೇಕೇ ಬೇಕು. ಸಿಪ್ಪೆ ಸುರಿದರೆ ಆಗುವುದಿಲ್ಲ, ಅದು ಕೊಳೆತು ಇನ್ನಷ್ಟು ಜಾರುತ್ತದೆ.

ಪರಿಹಾರ ದೊಡ್ಡದೇನಲ್ಲ. ಮೈದಾನದ ನಡುವೆ ಸ್ವಲ್ಪ ಎತ್ತರ, ಅಂಚುಗಳ ಕಡೆಗೆ ನೂರು ಅಡಿಗೆ ಅರ್ಧ ಅಡಿಯಷ್ಟು ಇಳಿಜಾರು, ಸುತ್ತಲೂ ಚರಂಡಿ, ಗೋಲುಗಳ ಮುಂದೆ ಜಲ್ಲಿ ತುಂಬಿದ ಕಾಲುವೆ, ಅದರ ಮೇಲೆ ಮರಳು ಮಿಶ್ರಿತ ಮಣ್ಣು. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ ಯುಗಾದಿಯೊಳಗೆ ಮುಗಿಸಬೇಕು. ಮೇ ತಿಂಗಳಲ್ಲಿ ಮುಟ್ಟಿದರೆ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ.

ಒಂದು ಅನುಮಾನ. ಗೇಟು ಪೂರ್ವದ ಗೋಲಿನ ಬದಿಗೇ ಇದೆಯೇ? ಹಳೆಯ ಮೈದಾನಗಳಲ್ಲಿ ನೀರು ಹೊರಗೆ ಹೋಗುವ ಮೋರಿ ಸಾಮಾನ್ಯವಾಗಿ ಗೇಟಿನ ಪಕ್ಕದಲ್ಲೇ ಇರುತ್ತದೆ. ಕಮಾನಿನ ಪಾಯ ಅದರ ಮೇಲೆ ಕುಳಿತಿದೆಯೇ ಎಂದು ಒಮ್ಮೆ ನೋಡಿ.

ಪ್ರಶ್ನೆ ಕೇಳಿದವನು: ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೊಸನಗರದ ತಮ್ಮ ಬರೆದದ್ದನ್ನು ಓದಿದ ಸಂಜೆಯೇ ಹಾರೆ ತೆಗೆದುಕೊಂಡು ಹೋದೆ. ಗೋಲ್‌ಕೀಪರ್ ಹುಡುಗ ಜೊತೆಗೆ ಬಂದ. ಕಮಾನಿನ ಎಡಗಂಬದ ಬುಡದಲ್ಲಿ ಒಂದು ಅಡಿ ಮಣ್ಣು ಸರಿಸಿದೆವು. ಜಂಬಿಟ್ಟಿಗೆಯ ಹಳೆಯ ಮೋರಿಯ ಅಂಚು ಕಂಡಿತು. ಅದರ ಬಾಯಿಯೊಳಕ್ಕೇ ಕಾಂಕ್ರೀಟ್ ಇಳಿದಿದೆ. ಕೈ ಹಾಕಿ ನೋಡಿದೆ, ಬೆರಳು ಹೋಗುವಷ್ಟೂ ಸಂದಿಲ್ಲ. ನೀರು ಮೊದಲಿನಿಂದಲೂ ನಿಲ್ಲುತ್ತಿತ್ತು, ನಿಜ. ಆದರೆ ಎರಡು ದಿನದಲ್ಲಿ ಇಳಿಯುತ್ತಿತ್ತು. ಈ ವರ್ಷ ವಾರಗಟ್ಟಲೆ ನಿಂತದ್ದು ಏಕೆ ಎಂಬುದು ಆಗ ಅರ್ಥವಾಯಿತು. ಆಟಕ್ಕೆ ಕೊಡಬೇಕಾದ ಹಣವನ್ನು ಅಲಂಕಾರಕ್ಕೆ ಹಾಕಿದರು ಎಂದಷ್ಟೇ ತಿಳಿದಿದ್ದೆ. ಆ ಅಲಂಕಾರವೇ ಮೈದಾನದ ಗಂಟಲನ್ನು ಕಟ್ಟಿದೆ.

ಭದ್ರಾವತಿಯ ಹಿರಿಯರೇ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಪೂರ್ವಭಾವಿ ಸಭೆಗೆ ಹೋಗುತ್ತೇವೆ, ಜರ್ಸಿ ತೊಟ್ಟೇ ಹೋಗುತ್ತೇವೆ. ಆದರೆ ಲೆಕ್ಕವನ್ನೂ ಕೇಳುತ್ತೇನೆ. ನಮ್ಮ ತಂಡ ನಡೆಯುವುದು ಮಂಡಿಯವರು, ಹೋಟೆಲಿನವರು, ಬಸ್ ಏಜೆಂಟರು ಕೊಡುವ ನೂರು, ಇನ್ನೂರು ರೂಪಾಯಿಗಳಿಂದ. ವರ್ಷಕ್ಕೊಮ್ಮೆ ಕಟ್ಟೆಯ ಮೇಲೆ ನಿಂತು ಅದರ ಲೆಕ್ಕವನ್ನು ಓದುತ್ತೇವೆ, ಒಂದು ಚೆಂಡಿಗೆ ಪಂಕ್ಚರ್ ಹಾಕಿಸಿದ್ದೂ ಸೇರಿ. ಹಾಗೆ ಲೆಕ್ಕ ಒಪ್ಪಿಸುವ ಹುಡುಗರಿಗೆ ಆ ನೀಲಿ ಫಲಕದ ಖಾಲಿ ಜಾಗವನ್ನು ತೋರಿಸಿ ಸುಮ್ಮನಿರಿ ಎಂದು ನಾನು ಹೇಳಲಾರೆ.

ಅರ್ಜಿ ಬರೆದೆ. ಸಾಗರದ ಹಿರಿಯರು ಹೇಳಿದ ಐದು ಕಾಗದಗಳು, ಜೊತೆಗೆ ಪಾಯದ ನಕ್ಷೆ. ಎಣಿಸಿದೆ, 97 ಪದ. ಬಟ್ಟೆ ಬದಲಿಸುವ ಕೋಣೆಯ ವಿಷಯ ಬೇರೆಯಾದ್ದರಿಂದ ಅದಕ್ಕೆ ಇನ್ನೊಂದು ಅರ್ಜಿ. ತೀರ್ಥಹಳ್ಳಿಯ ಅಕ್ಕ, ನಮ್ಮ ಮೈದಾನದಲ್ಲೂ ಕೋಣೆ ಇದೆ, ಬೀಗವೂ ಇದೆ. ಬೀಗದ ಕೈ ಯಾರ ಬಳಿ ಇದೆಯೆಂದು ಆ ಅರ್ಜಿಯಲ್ಲಿ ಕೇಳಿದ್ದೇನೆ.

ಬುಧವಾರ ಎರಡನ್ನೂ ಕೊಟ್ಟು ಬಂದೆ. ಕಚೇರಿಯ ಮೆಟ್ಟಿಲ ಹತ್ತಿರ ನಾಯಕನ ಆಟೊ ನಿಂತಿತ್ತು. ಒಳಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ವಾಪಸು ಅಂಗಡಿಗೆ ಬಿಟ್ಟ, ಬಾಡಿಗೆ ತೆಗೆದುಕೊಳ್ಳಲಿಲ್ಲ. ಇಳಿಯುವಾಗ, “ಅಳತೆ ಪುಸ್ತಕ ಬಂದ ದಿನ ಹೇಳಿ ಅಣ್ಣ, ಟೇಪಿನ ಇನ್ನೊಂದು ತುದಿ ನಾನು ಹಿಡಿಯುತ್ತೇನೆ” ಎಂದ.

ಸ್ವೀಕೃತಿ ಚೀಟಿಗಳನ್ನು ನನ್ನದೇ ಅಳತೆ ಪುಸ್ತಕದಲ್ಲಿ, ಹುಡುಗರ ಎದೆ, ಭುಜ, ಉದ್ದ ಬರೆದಿಟ್ಟ ಪುಟದ ನಡುವೆ ಇಟ್ಟಿದ್ದೇನೆ. ಇನ್ನು ಇಪ್ಪತ್ತಾರು ದಿನ ಇದೆ. ಉತ್ತರ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.