ಮಂಡಿನೋವಿನ ಮಾತ್ರೆ ಬಿಟ್ಟ ಮೇಲೆ ಅಮ್ಮನಿಗೆ ವಿಪರೀತ ನಿತ್ರಾಣ: ಇದು ಥೈರಾಯ್ಡ್ ದೋಷವೇ?

ಪ್ರಶ್ನೆ (ಬಾಗೇಪಲ್ಲಿ):
ನನ್ನ ಅಮ್ಮನಿಗೆ 58 ವರ್ಷ. ಮಂಡಿನೋವಿಗೆಂದು ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಡುತ್ತಿದ್ದ ಪೊಟ್ಟಣದ ಮಾತ್ರೆಗಳನ್ನು ಎರಡು ವರ್ಷ ನುಂಗಿದರು. ನುಂಗಿದ ದಿನವೇ ನೋವು ಇಳಿಯುತ್ತಿತ್ತು. ಕ್ರಮೇಣ ಮುಖ ದುಂಡಗೆ ಊದಿಕೊಂಡು, ಹೊಟ್ಟೆ ಬೆಳೆದು, ಕೈಕಾಲು ಮಾತ್ರ ಸಣಕಲಾದವು. ಸಕ್ಕರೆ ಕಾಯಿಲೆಯೂ ಕಾಣಿಸಿಕೊಂಡಿತು. ಹೆದರಿ ಹತ್ತು ದಿನಗಳ ಹಿಂದೆ ಮಾತ್ರೆ ನಿಲ್ಲಿಸಿದೆವು. ಈಗ ಎದ್ದು ನಿಂತರೆ ತಲೆ ಸುತ್ತುತ್ತದೆ, ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ. ಥೈರಾಯ್ಡ್ ವರದಿ ಸರಿಯಾಗಿದೆ. ಬೇರೆ ಯಾವ ಗ್ರಂಥಿಯ ದೋಷವಿರಬಹುದು?

ಉತ್ತರ (ತುಮಕೂರು, ವೈದ್ಯ):
ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಿಕ್ಕಿದ್ದನ್ನು ಆಮೇಲೆ ಓದಬಹುದು. ಪೊಟ್ಟಣ ಉಳಿದಿದ್ದರೆ ಜೊತೆಗಿರಲಿ.

ಅದರಲ್ಲಿದ್ದುದು ಸ್ಟೀರಾಯ್ಡ್ ಎಂಬುದು ನನ್ನ ಬಲವಾದ ಅನುಮಾನ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಎಷ್ಟು ಬೇಕೆಂದು ಅವಕ್ಕೆ ತಿಳಿಸುವುದು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ. ಕಾರ್ಟಿಸೋಲಿನದೇ ಕೆಲಸ ಮಾಡುವ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಕೇಳುವವರಿಲ್ಲದೆ ಅಡ್ರಿನಲ್ ಸೊರಗುತ್ತದೆ. ಹೀಗೆ ಒಂದೇ ಮಾತ್ರೆಯಿಂದ ಎರಡು ಕಾಯಿಲೆ: ನುಂಗುವಾಗ, 1932ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ವಿವರಿಸಿದ ಲಕ್ಷಣಗಳನ್ನೇ ಹೋಲುವ ದುಂಡುಮುಖ, ಸಕ್ಕರೆ, ರಕ್ತದೊತ್ತಡ, ಮೂಳೆಸವೆತ, ಥಟ್ಟನೆ ಬಿಟ್ಟಾಗ ಕಾರ್ಟಿಸೋಲ್ ಕೊರತೆ. ಇದರ ನಡುವೆ ಜ್ವರವೋ ಭೇದಿಯೋ ಬಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಬೆಳಿಗ್ಗೆ 8 ಗಂಟೆ ಸುಮಾರಿಗೆ ರಕ್ತದಲ್ಲಿ ಕಾರ್ಟಿಸೋಲ್ ನೋಡುವುದು ವಾಡಿಕೆಯಾದರೂ, ಸ್ಥಿತಿ ಕೆಟ್ಟಿದ್ದರೆ ವರದಿಗಾಗಿ ಕಾಯದೆ ಸ್ಟೀರಾಯ್ಡ್ ಕೊಟ್ಟೇ ಚಿಕಿತ್ಸೆ ಆರಂಭಿಸುತ್ತಾರೆ. ಅನಂತರ ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಗ್ರಂಥಿ ಚೇತರಿಸಲು ತಿಂಗಳುಗಳೇ ಬೇಕಾಗಬಹುದು.

ಉತ್ತರ (ಪಾವಗಡ):
ವೈದ್ಯರ ಮಾತೇ ಮೊದಲು. ಆದರೆ ಮಂಡಿನೋವು ಬಂದದ್ದೆಲ್ಲಿಂದ ಎಂದೂ ಕೇಳಬೇಕಲ್ಲವೇ? ನಿಮ್ಮ ತಾಲ್ಲೂಕಿನಲ್ಲೂ ನಮ್ಮಲ್ಲೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಎಲ್ಲ ಮಂಡಿನೋವೂ ಫ್ಲೋರೋಸಿಸ್ (ಹೆಚ್ಚು ಫ್ಲೋರೈಡ್‌ನಿಂದ ಮೂಳೆ, ಕೀಲು ಕೆಡುವ ಕಾಯಿಲೆ) ಅಲ್ಲ, ಆದರೂ ಮನೆಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನಿನ್ನೆಯೇ ದಾಖಲಿಸಿದೆವು. ಸಲೈನ್ ಜೊತೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಸಂಜೆಗೆ ಅಮ್ಮ ಎದ್ದು ಕುಳಿತು ಅರ್ಧ ಮುದ್ದೆ ಉಂಡರು. ನಮ್ಮ ದೊಡ್ಡಮ್ಮನೂ ಅದೇ ಪೊಟ್ಟಣದವರು. ಈ ಸುದ್ದಿ ಕೇಳಿ ಮಾತ್ರೆಗಳನ್ನು ತಿಪ್ಪೆಗೆ ಎಸೆಯಲು ಹೊರಟಿದ್ದರು, ತಡೆದಿದ್ದೇನೆ. ನಾಳೆ ಅವರನ್ನೂ ವೈದ್ಯರ ಬಳಿಗೆ ಕರೆದೊಯ್ಯುತ್ತೇನೆ.